ಮೆಗ್ಗರ್ ರೀಡಿಂಗ್ ಏರದೆ ನಿಂತರೆ ಏನು ನೋಡಬೇಕು: ಮಳೆಗಾಲ ಕಳೆದ ಎಚ್‌ಟಿ ಮೋಟರ್‌ನ ದೋಷ ಪತ್ತೆ

ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುವವರಿಗೆ ಇದು ವರ್ಷ ವರ್ಷದ ಗೋಳು. ಕಬ್ಬು ಮುಗಿಯಿತು, ಮಿಲ್ ನಿಂತಿತು, ಮಳೆಗಾಲ ಪೂರ್ತಿ ಮೋಟರ್‌ಗಳು ತಣ್ಣಗೆ ಕೂತವು. ಅಕ್ಟೋಬರ್, ನವೆಂಬರ್‌ನಲ್ಲಿ ಮತ್ತೆ ಸೀಸನ್ ಶುರು ಅನ್ನುವಾಗ ಯಾರೋ ಒಬ್ಬರು ಮೆಗ್ಗರ್ (ತಂತಿಯ ಮೇಲಿನ ಇನ್ಸುಲೇಶನ್ ಹೊದಿಕೆಯ ರೆಸಿಸ್ಟೆನ್ಸ್ ಅಳೆಯುವ ಮೀಟರ್) ಹಿಡಿದು ಬರುತ್ತಾರೆ. ಆಗ ಪ್ರಶ್ನೆ ಎರಡು ತರ ಬರುತ್ತದೆ.

ಒಂದು: "ರೀಡಿಂಗ್ ಒಂದು ಕಡೆ ನಿಲ್ತಾನೇ ಇಲ್ಲ, ಏರ್ತಾನೇ ಇದೆ, ಮೀಟರ್ ಕೆಟ್ಟಿದೆಯಾ?" ಇನ್ನೊಂದು: "ರೀಡಿಂಗ್ 500 ಮೆಗಾಓಮ್ ದಾಟಿದೆ, ಅಲ್ಲಾಡದೆ ನಿಂತಿದೆ, ಚಾಲೂ ಮಾಡೋಣ್ವಾ?"

ಮೊದಲನೆಯವರ ಮೀಟರ್ ಸರಿಯಾಗಿದೆ, ಮೋಟರೂ ಬಹುಶಃ ಸರಿಯಾಗಿದೆ. ಎರಡನೆಯವರು ಸ್ವಲ್ಪ ತಡೆಯಬೇಕು. ಎಚ್‌ಟಿ, ಅಂದರೆ ಹೈ ಟೆನ್ಶನ್ ಮೋಟರ್‌ನಲ್ಲಿ ಏರದೆ ನಿಂತ ರೀಡಿಂಗೇ ಅನುಮಾನದ ರೀಡಿಂಗ್. ಯಾಕೆ ಅನ್ನುವುದನ್ನು ಮೊದಲು ಹೇಳಿ, ಆಮೇಲೆ ಪತ್ತೆ ಮಾಡುವ ದಾರಿಗೆ ಬರುತ್ತೇನೆ. ಕೆಳಗೆ ಹೇಳುವುದೆಲ್ಲ ಮುಖ್ಯವಾಗಿ 3.3 ಕೆವಿ, 6.6 ಕೆವಿ, 11 ಕೆವಿ ಮೋಟರ್‌ಗಳಿಗೆ, ಅಂದರೆ ಅಚ್ಚಿನಲ್ಲಿ ಮಾಡಿದ ಕಾಯಿಲ್ ಇರುವಂಥವುಗಳಿಗೆ. 415 ವೋಲ್ಟ್ ಮೋಟರ್ ಬಗ್ಗೆ ನಡುವೆ ಒಂದೆರಡು ಮಾತು ಬರುತ್ತದೆ.

ರೀಡಿಂಗ್ ಏರುವುದು ಯಾಕೆ

ಮೆಗ್ಗರ್ ಒಂದು ಡಿಸಿ ವೋಲ್ಟೇಜ್ ಕೊಡುತ್ತದೆ, ಹರಿದ ಕರೆಂಟ್ ಅಳೆಯುತ್ತದೆ, ಭಾಗಿಸಿ ಮೆಗಾಓಮ್ ತೋರಿಸುತ್ತದೆ. ಅಷ್ಟೇ. ಆದರೆ ಆ ಕರೆಂಟ್ ಒಂದೇ ಜಾತಿಯದಲ್ಲ. ಹೊಸ ಮಡಕೆಗೆ ನೀರು ಹಾಕಿದ್ದನ್ನು ನೆನೆಸಿಕೊಳ್ಳಿ: ಮೊದಲು ಮಡಕೆ ತುಂಬುತ್ತದೆ, ಆಮೇಲೆ ಮಣ್ಣು ಒಂದಷ್ಟು ಹೊತ್ತು ನೀರು ಕುಡಿಯುತ್ತದೆ, ಅದೂ ಮುಗಿದ ಮೇಲೆ ಉಳಿಯುವುದು ಸೋರುವ ನೀರು ಮಾತ್ರ. ವೈಂಡಿಂಗ್‌ಗೂ (ಮೋಟರ್ ಒಳಗಿನ ತಂತಿಯ ಸುತ್ತುಗಳಿಗೂ) ಭೂಮಿಗೂ ನಡುವಿನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ತುಂಬುವುದು ಮೊದಲನೆಯದು, ಕೆಲವು ಸೆಕೆಂಡಿನಲ್ಲಿ ಮುಗಿಯುತ್ತದೆ. ಇನ್ಸುಲೇಶನ್ ಒಳಗಿನ ನಿಧಾನದ ಪೋಲರೈಸೇಶನ್ ಎರಡನೆಯದು, ನಿಮಿಷಗಟ್ಟಲೆ ನಡೆಯುತ್ತದೆ. ಇದರ ಕರೆಂಟನ್ನು ಅಬ್ಸಾರ್ಪ್ಶನ್ ಕರೆಂಟ್ ಅನ್ನುತ್ತಾರೆ. ಮೂರನೆಯದು ಸೋರಿಕೆ. ಇದರಲ್ಲೂ ಎರಡು ದಾರಿ ಇದೆ, ಇನ್ಸುಲೇಶನ್ ಒಳಗಿನಿಂದ ಒಂದು, ಮೇಲಿನ ಕೊಳೆಯ ಮೇಲೆ ಹರಿದು ಹೋಗುವುದು ಇನ್ನೊಂದು. ಸೋರಿಕೆ ಮಾತ್ರ ಹೊತ್ತು ಕಳೆದ ಹಾಗೆ ಇಳಿಯುವುದಿಲ್ಲ.

ಪೋಲರೈಸೇಶನ್ ಅಂದರೆ ಇನ್ಸುಲೇಟರ್ ಒಳಗಿನ ಚಾರ್ಜ್‌ಗಳು ಹರಿದು ಹೋಗದೆ ಇದ್ದಲ್ಲೇ ಒಂಚೂರು ಸರಿಯುವುದು, ಇಲ್ಲವೇ ತಿರುಗುವುದು. ಪರಮಾಣುವಿನ ಸುತ್ತಲಿನ ಎಲೆಕ್ಟ್ರಾನ್ ಮೋಡ ಸರಿಯುವುದು, ಅಯಾನುಗಳು ಸರಿಯುವುದು, ಇವೆಲ್ಲ ಮೆಗ್ಗರ್ ಕಣ್ಣಿಗೆ ಬೀಳದಷ್ಟು ಬೇಗ ಮುಗಿಯುತ್ತವೆ. ನಮಗೆ ಕಾಣುವುದು ನಿಧಾನದವು ಮಾತ್ರ. ರಾಳದೊಳಗಿನ ಧ್ರುವೀಯ ಅಣುಗಳು ಹೊರಳುವುದು ಒಂದು, ಪದರ ಪದರದ ಗಡಿಯಲ್ಲಿ ಚಾರ್ಜ್ ಬಂದು ಕೂರುವುದು ಇನ್ನೊಂದು. ಎಚ್‌ಟಿ ಮೋಟರ್‌ನ ಕಾಯಿಲ್ ಮೇಲೆ ಮೈಕಾ ಚೂರು, ಗಾಜಿನ ಬಟ್ಟೆಯ ಟೇಪ್, ಎಪಾಕ್ಸಿ ಇಲ್ಲವೇ ವಾರ್ನಿಶ್, ಎಲ್ಲ ಒಂದರ ಮೇಲೊಂದು ಇರುತ್ತವೆ. ಒಂದೊಂದರ ವಾಹಕತೆಯೂ ಬೇರೆ, ಪರ್ಮಿಟಿವಿಟಿಯೂ (ಪೋಲರೈಸ್ ಆಗುವ ಗುಣವೂ) ಬೇರೆ. ಹಾಗಾಗಿ ಗಡಿಯಲ್ಲಿ ಚಾರ್ಜ್ ಸೇರುತ್ತಾ ಹೋಗುತ್ತದೆ. ಮ್ಯಾಕ್ಸ್‌ವೆಲ್ 1873ರಲ್ಲೇ ಪದರದ ಇನ್ಸುಲೇಟರ್‌ಗಳಿಗೆ ಇದರ ಲೆಕ್ಕ ಬರೆದಿದ್ದರು, 1914ರಲ್ಲಿ ಕಾರ್ಲ್ ವಿಲ್ಲಿ ವಾಗ್ನರ್ ಅದನ್ನು ಮುಂದುವರಿಸಿದರು. ಈಗಲೂ ಇದಕ್ಕೆ ಮ್ಯಾಕ್ಸ್‌ವೆಲ್–ವಾಗ್ನರ್ ಪೋಲರೈಸೇಶನ್ ಅಂತಲೇ ಹೆಸರು.

ಈಗ ಲೆಕ್ಕ ಹಾಕಿ ನೋಡೋಣ. ಒಂದು ಹಳೆಯ 3.3 ಕೆವಿ ಮೋಟರ್, 2500 ವೋಲ್ಟ್ ಕೊಟ್ಟಿದ್ದೀರಿ ಅಂದುಕೊಳ್ಳಿ. ಅಬ್ಸಾರ್ಪ್ಶನ್ ಕರೆಂಟ್ 1ನೇ ನಿಮಿಷಕ್ಕೆ 0.5 ಮೈಕ್ರೋ ಆಂಪ್, 10ನೇ ನಿಮಿಷಕ್ಕೆ ಅದರ ಹತ್ತನೇ ಒಂದು ಭಾಗ, 0.05. ಸೋರಿಕೆ 0.1. ಒಟ್ಟು ಕರೆಂಟ್ 0.6ರಿಂದ 0.15ಕ್ಕೆ ಇಳಿಯಿತು. ಮೆಗ್ಗರ್ ಮೇಲೆ 4167 ಮೆಗಾಓಮ್ ಇದ್ದದ್ದು 16,667 ಆಯಿತು. ನಾಲ್ಕು ಪಟ್ಟು. ಈ ಅನುಪಾತವೇ ಪೋಲರೈಸೇಶನ್ ಇಂಡೆಕ್ಸ್, ಎಲ್ಲರೂ ಪಿಐ ಅನ್ನುವುದು ಇದಕ್ಕೆ: 10 ನಿಮಿಷದ ರೀಡಿಂಗನ್ನು 1 ನಿಮಿಷದ ರೀಡಿಂಗ್‌ನಿಂದ ಭಾಗಿಸುವುದು.

ಅದೇ ಮೋಟರ್‌ಗೆ ತೇವ ಹಿಡಿಯಿತು. ಪೋಲರೈಸೇಶನ್ ಅಷ್ಟೇ ಇದೆ ಅಂತಲೇ ಇಟ್ಟುಕೊಳ್ಳಿ, ಸೋರಿಕೆ ಮಾತ್ರ 0.1ರಿಂದ 4 ಮೈಕ್ರೋ ಆಂಪ್ ಆಯಿತು. 1ನೇ ನಿಮಿಷಕ್ಕೆ ಒಟ್ಟು 4.5, ಅಂದರೆ 556 ಮೆಗಾಓಮ್. 10ನೇ ನಿಮಿಷಕ್ಕೆ 4.05, ಅಂದರೆ 617. ಪಿಐ 1.11. ಪೋಲರೈಸೇಶನ್ ಎಲ್ಲಿಗೂ ಹೋಗಿಲ್ಲ, ಸೋರಿಕೆಯಲ್ಲಿ ಮುಳುಗಿ ಹೋಗಿದೆ, ಅಷ್ಟೇ. ಆದರೆ 556 ಅನ್ನುವ ಅಂಕಿಯನ್ನು ಮಾತ್ರ ನೋಡಿದವರಿಗೆ ಏನನಿಸುತ್ತದೆ? ಎಂಜಿನಿಯರ್‌ಗಳ ಸಂಸ್ಥೆ ಐಇಇಇಯ 43ನೇ ನಂಬರಿನ ಮಾನದಂಡದ (ಐಇಇಇ 43) ಪ್ರಕಾರ 1970ರ ಈಚಿನ ಅಚ್ಚಿನ ಕಾಯಿಲ್ ವೈಂಡಿಂಗ್‌ಗೆ 40 ಡಿಗ್ರಿಯಲ್ಲಿ ಕನಿಷ್ಠ 100 ಮೆಗಾಓಮ್ ಸಾಕು. ಅದಕ್ಕಿಂತ ಐದು ಪಟ್ಟು ಜಾಸ್ತಿ ಇದೆ, ಪಾಸ್! ಲಾಗ್‌ಬುಕ್‌ನಲ್ಲಿ "ಓಕೆ" ಬೀಳುತ್ತದೆ, ಒದ್ದೆ ಮೋಟರ್ ಲೈನಿಗೆ ಹೋಗುತ್ತದೆ. ಎರಡನೇ ಪ್ರಶ್ನೆ ಕೇಳಿದವರನ್ನು ತಡೆಯಿರಿ ಅಂದದ್ದು ಇದಕ್ಕೇ.

ಮೊದಲು ಮೀಟರ್ ಮತ್ತು ವಯರಿಂಗ್ ಮೇಲಿನ ಅನುಮಾನ ಕಳೆಯಿರಿ

ಮೋಟರ್ ಐಸೊಲೇಟ್ ಆಗಿದೆ, ಲಾಕ್ ಬಿದ್ದಿದೆ, ಟ್ಯಾಗ್ ಇದೆ, ವೋಲ್ಟೇಜ್ ಇಲ್ಲ ಅಂತ ಟೆಸ್ಟರ್ ಇಟ್ಟು ನೋಡಿದ್ದೀರಿ, ಅರ್ತ್ ಮಾಡಿದ್ದೀರಿ. ಇಷ್ಟಾಗದೆ ಮುಂದೆ ಬರಬೇಡಿ.

ಆಮೇಲೆ ಕೇಬಲ್ ಬಿಚ್ಚಿ. ಪ್ಯಾನಲ್ ಹತ್ತಿರ ನಿಂತು ಕೇಬಲ್ ಸಮೇತ ಮೆಗ್ಗರ್ ಮಾಡುವುದು ಸುಲಭ, ಮೋಟರ್ ಹತ್ತಿರ ಹೋಗಿ ಟರ್ಮಿನಲ್ ಬಾಕ್ಸ್ ತೆಗೆಯುವುದು ಬೇಸರದ ಕೆಲಸ, ಗೊತ್ತು. ಆದರೆ ಕೇಬಲ್ ಸೇರಿದ್ದರೆ ನೀವು ಅಳೆದದ್ದು ಕೇಬಲ್ಲೂ ಹೌದು, ಅದರ ಟರ್ಮಿನೇಶನ್ನೂ ಹೌದು. ದಿಢೀರ್ ಏರುವ ವೋಲ್ಟೇಜ್‌ನಿಂದ ಮೋಟರನ್ನು ಕಾಯುವ ಸರ್ಜ್ ಕೆಪಾಸಿಟರ್, ಅರೆಸ್ಟರ್ ಇದ್ದರೆ ಅವನ್ನೂ ಬಿಡಿಸಿ. ಸರ್ಜ್ ಕೆಪಾಸಿಟರ್ ಒಳಗೆ ಡಿಸ್ಚಾರ್ಜ್ ರೆಸಿಸ್ಟರ್ ಇದ್ದರೆ ಪೋಲರೈಸೇಶನ್ ಮಾತೇ ಇಲ್ಲ, ರೀಡಿಂಗ್ ಆ ರೆಸಿಸ್ಟರ್‌ನ ಬೆಲೆಗೆ ಬಂದು ಕೂತುಬಿಡುತ್ತದೆ. ಏರದ ರೀಡಿಂಗ್‌ಗೆ ಇದೂ ಒಂದು ಕಾರಣ. ಮೋಟರನ್ನು ವಾರಗಟ್ಟಲೆ ಒಣಗಿಸಿದರೂ ಇದು ಸರಿಯಾಗುವುದಿಲ್ಲ.

ಟೆಸ್ಟ್ ಲೀಡ್‌ಗಳನ್ನು ಗಾಳಿಯಲ್ಲಿ ಬಿಟ್ಟು ಒಮ್ಮೆ ಒತ್ತಿ ನೋಡಿ, ಮೀಟರ್‌ನ ಗರಿಷ್ಠ ಮಿತಿ ದಾಟಬೇಕು. ಎರಡನ್ನೂ ಕೂಡಿಸಿ ನೋಡಿ, ಸೊನ್ನೆ ಬರಬೇಕು. ಲೀಡ್ ಒದ್ದೆ ನೆಲದ ಮೇಲೆ ಬಿದ್ದಿದ್ದರೆ, ಎರಡೂ ಲೀಡ್ ಒಂದಕ್ಕೊಂದು ಸುತ್ತಿಕೊಂಡಿದ್ದರೆ, ಗಿಗಾಓಮ್ ಮಟ್ಟದಲ್ಲಿ ಅವೇ ಸೋರಿಕೆ ಕೊಡುತ್ತವೆ. ಕೈಯಲ್ಲಿ ತಿರುಗಿಸುವ ಹಳೇ ಮೆಗ್ಗರ್‌ನಿಂದ ಪಿಐ ತೆಗೆಯುವ ಸಾಹಸ ಬೇಡ. 10 ನಿಮಿಷ ಒಂದೇ ವೇಗದಲ್ಲಿ ತಿರುಗಿಸುವವರು ಯಾರಿದ್ದಾರೆ? ವೇಗ ಏರಿಳಿದರೆ ವೋಲ್ಟೇಜ್ ಏರಿಳಿಯುತ್ತದೆ, ಪ್ರತಿ ಸಲವೂ ಕೆಪಾಸಿಟೆನ್ಸ್ ತುಂಬುತ್ತದೆ, ಖಾಲಿಯಾಗುತ್ತದೆ, ಮುಳ್ಳು ಕುಣಿಯುತ್ತದೆ. ಬ್ಯಾಟರಿ ಮೆಗ್ಗರ್‌ನಲ್ಲೂ ಬ್ಯಾಟರಿ ಇಳಿದಿದ್ದರೆ ಇದೇ ಕಥೆ. ಪಕ್ಕದಲ್ಲಿ ಚಾಲೂ ಇರುವ ಎಚ್‌ಟಿ ಬಸ್ ಇದ್ದರೆ ಇಂಡಕ್ಷನ್‌ನಿಂದಲೂ ರೀಡಿಂಗ್ ಓಲಾಡುತ್ತದೆ.

ವೋಲ್ಟೇಜ್ ಎಷ್ಟು ಕೊಡಬೇಕು? 1000 ವೋಲ್ಟ್ ಒಳಗಿನ ವೈಂಡಿಂಗ್‌ಗೆ 500 ವೋಲ್ಟ್ ಡಿಸಿ. 2501ರಿಂದ 5000 ವೋಲ್ಟ್‌ನ ಮೋಟರ್‌ಗೆ 1000ದಿಂದ 2500. 5001ರಿಂದ 12,000ದವರೆಗೆ 2500ರಿಂದ 5000. ನೆಗೆಟಿವ್ ಲೀಡ್ ವೈಂಡಿಂಗ್‌ಗೆ, ಪಾಸಿಟಿವ್ ಫ್ರೇಮ್‌ಗೆ. ಇದನ್ನು ಸುಮ್ನೆ ಪದ್ಧತಿ ಅಂದುಕೊಳ್ಳಬೇಡಿ. ಇನ್ಸುಲೇಶನ್‌ನಲ್ಲಿ ನೀರಿದ್ದರೆ ಡಿಸಿ ಫೀಲ್ಡ್‌ನಲ್ಲಿ ಅದು ಸಣ್ಣ ಸಣ್ಣ ರಂಧ್ರಗಳಲ್ಲಿ ಜರುಗುತ್ತದೆ. ಕಂಡಕ್ಟರ್ ನೆಗೆಟಿವ್ ಆಗಿದ್ದಾಗ ನೀರು ಅದರ ಕಡೆಗೆ ಸರಿದು ಸೋರಿಕೆ ಚೆನ್ನಾಗಿ ಬಯಲಾಗುತ್ತದೆ. ತಿರುಗಿಸಿ ಕೊಟ್ಟರೆ ಒದ್ದೆ ಮೋಟರ್ ಸ್ವಲ್ಪ ಒಳ್ಳೆಯದರ ತರ ಕಾಣಬಹುದು.

ಎರಡನೇ ಸಲ ಅಳೆದರೆ ಪಿಐ ಕಡಿಮೆ ಬರುತ್ತದೆ ಅನ್ನುವವರಿಗೆ

ಇದು ತುಂಬ ಕಡೆ ನಡೆಯುವ ಗೊಂದಲ. ಒಮ್ಮೆ ಮಾಡಿದರು, ಪಿಐ 4 ಬಂತು. ಖಾತ್ರಿಗೆ ಇರಲಿ ಅಂತ ಅರ್ಧ ನಿಮಿಷ ಅರ್ತ್ ಮಾಡಿ ಮತ್ತೆ ಮಾಡಿದರು, ಎರಡೂವರೆಗೆ ಬಂತು. ಮೊದಲ ಟೆಸ್ಟೇ ಮೋಟರನ್ನು ಹಾಳು ಮಾಡಿತು ಅನ್ನುವ ತೀರ್ಮಾನಕ್ಕೂ ಕೆಲವರು ಬರುತ್ತಾರೆ!

ಆಗಿದ್ದು ಇಷ್ಟೇ. ಅರ್ತ್ ಮಾಡಿದಾಗ ಕೆಪಾಸಿಟೆನ್ಸ್ ತಕ್ಷಣ ಖಾಲಿಯಾಯಿತು, ಆದರೆ ಪೋಲರೈಸೇಶನ್ ಬಂದಷ್ಟೇ ನಿಧಾನವಾಗಿ ಹೋಗಬೇಕು. ಅದು ಇನ್ನೂ ಒಳಗೇ ಕೂತಿದೆ. ಮತ್ತೆ ಅದೇ ದಿಕ್ಕಿನಲ್ಲಿ ವೋಲ್ಟೇಜ್ ಕೊಟ್ಟರೆ ಕುಡಿಯಲು ಜಾಸ್ತಿ ಉಳಿದಿಲ್ಲ. ಮೇಲಿನ ಒಣ ಮೋಟರ್‌ನ ಲೆಕ್ಕವನ್ನೇ ಮುಂದುವರಿಸಿದರೆ ಎರಡನೇ ಸಲ 1 ನಿಮಿಷದ ರೀಡಿಂಗ್ 4167ರ ಬದಲು 8000 ಆಸುಪಾಸು ಬರುತ್ತದೆ. 10 ನಿಮಿಷದ್ದು ಅಷ್ಟಾಗಿ ಬದಲಾಗುವುದಿಲ್ಲ. ಕೆಳಗಿನ ಅಂಕಿ ಏರಿತು, ಅನುಪಾತ ಇಳಿಯಿತು. ಲೀಡ್ ಅದಲು ಬದಲು ಮಾಡಿ ಕೊಟ್ಟರೆ ಉಲ್ಟಾ ಆಗುತ್ತದೆ: ಮೊದಲು ಹಳೆಯದನ್ನು ಅಳಿಸಿ ಹೊಸದನ್ನು ತುಂಬಬೇಕು, 1 ನಿಮಿಷದ ಕರೆಂಟ್ ಹೆಚ್ಚುತ್ತದೆ, ಪಿಐ ಸುಳ್ಳೇ ಮೇಲೇರುತ್ತದೆ.

ನಿಯಮ ಹೀಗಿದೆ: ಎಷ್ಟು ಹೊತ್ತು ಚಾರ್ಜ್ ಮಾಡಿದಿರೋ ಅದರ ನಾಲ್ಕು ಪಟ್ಟು ಹೊತ್ತು ಅರ್ತ್ ಮಾಡಿಡಿ. 10 ನಿಮಿಷದ ಟೆಸ್ಟ್‌ಗೆ 40 ನಿಮಿಷ. ರೀಡಿಂಗ್ ಸಲುವಾಗಿ ಮಾತ್ರ ಈ ಮಾತು ಹೇಳುತ್ತಿಲ್ಲ. ಅರ್ತ್ ಬೇಗ ತೆಗೆದರೆ ಒಳಗಿನ ಪೋಲರೈಸೇಶನ್ ಸಡಿಲವಾಗುತ್ತಾ ಟರ್ಮಿನಲ್ ಮೇಲೆ ಮತ್ತೆ ವೋಲ್ಟೇಜ್ ಎದ್ದು ಬರುತ್ತದೆ. ಶಾರ್ಟ್ ಮಾಡಿದ ಲೈಡನ್ ಜಾಡಿ (ಹಳೇ ಕಾಲದ ಗಾಜಿನ ಕೆಪಾಸಿಟರ್) ಸ್ವಲ್ಪ ಹೊತ್ತಿಗೆ ಮತ್ತೆ ಕಿಡಿ ಕೊಡುವುದನ್ನು 18ನೇ ಶತಮಾನದವರೇ ನೋಡಿದ್ದರು. ದೊಡ್ಡ ಆಲ್ಟರ್ನೇಟರ್, ಉದ್ದದ ಕೇಬಲ್‌ಗಳಲ್ಲಿ ಈ ಶಾಕ್ ಜೀವಕ್ಕೇ ಕುತ್ತು ತರಬಹುದು. 40 ನಿಮಿಷ ಯಾರು ಕಾಯುತ್ತಾರೆ ಅಂತ ನಗಬೇಡಿ. ಊಟದ ಹೊತ್ತಿಗೆ ಟೆಸ್ಟ್ ಮುಗಿಸಿ, ಅರ್ತ್ ಹಾಕಿ ಊಟಕ್ಕೆ ಹೋಗಿ.

ಏರದ ರೀಡಿಂಗ್: ಮೇಲಿನ ಕೊಳೆಯೋ, ಒಳಗಿನ ತೇವವೋ?

ಮೀಟರ್ ಸರಿ, ಕೇಬಲ್ ಬಿಚ್ಚಿದೆ, ಮೊದಲ ಸಲದ ಟೆಸ್ಟ್, ಆದರೂ ಪಿಐ 1.1 ಅಥವಾ 1.2. ಬಿ, ಎಫ್, ಎಚ್ ಕ್ಲಾಸ್ (ಎಷ್ಟು ಬಿಸಿ ತಡೆಯುತ್ತದೆ ಅನ್ನುವುದರ ದರ್ಜೆ) ಇನ್ಸುಲೇಶನ್‌ಗೆ ಕನಿಷ್ಠ 2 ಬೇಕು, ಹಳೇ ಎ ಕ್ಲಾಸ್‌ಗೆ 1.5. ಈಗ ನಿಜವಾದ ಪತ್ತೆ ಕೆಲಸ ಶುರು.

ಮೊದಲು ಟರ್ಮಿನಲ್ ಬಾಕ್ಸ್ ಒಳಗೆ ಕಣ್ಣಾಡಿಸಿ. ಬುಶಿಂಗ್ (ತಂತಿ ಹೊರಬರುವ ಕಡೆಯ ಇನ್ಸುಲೇಟರ್) ಮೇಲೆ ಕಬ್ಬಿನ ಸಿಪ್ಪೆಯ, ಅಂದರೆ ಬಗಾಸ್‌ನ ದೂಳು ಒಂದು ಪದರ ಕೂತಿರುತ್ತದೆ. ಬೇಸಿಗೆಯಲ್ಲಿ ಅದರಿಂದ ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ಸಕ್ಕರೆ ಅಂಶ ಇರುವ ಆ ದೂಳು ಗಾಳಿಯ ತೇವ ಎಳೆದುಕೊಂಡು ಅಂಟಂಟಾಗುತ್ತದೆ, ಬುಶಿಂಗ್‌ನ ಮೈಮೇಲೆ ಸೋರಿಕೆಗೆ ಒಂದು ರಸ್ತೆಯೇ ಆಗಿಬಿಡುತ್ತದೆ. ಬೆರಳಿನಿಂದ ಒರೆಸಿದರೆ ಕಂದು ಬಣ್ಣದ ಜಿಡ್ಡು ಬರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಸಾಲ್ವೆಂಟ್ ಹಾಕಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, ಮತ್ತೆ ಅಳೆಯಿರಿ. ಎಷ್ಟೋ ಮೋಟರ್‌ಗಳ ಕಾಯಿಲೆ ಇಲ್ಲಿಗೇ ವಾಸಿಯಾಗುತ್ತದೆ.

ಒರೆಸದೆಯೇ ಪತ್ತೆ ಮಾಡಬೇಕು ಅಂದರೆ ಮೀಟರ್‌ನ ಗಾರ್ಡ್ ಟರ್ಮಿನಲ್ ಇದೆ. ತುಂಬ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ಬುಶಿಂಗ್‌ನ ನಡುವಿಗೆ ಬರಿ ತಾಮ್ರದ ತಂತಿ ಬಿಗಿಯಾಗಿ ಸುತ್ತಿ ಗಾರ್ಡ್‌ಗೆ ಕೊಡಿ. ಆಗ ಬುಶಿಂಗ್ ಮೈಮೇಲೆ ಹರಿಯುವ ಕರೆಂಟ್ ಅಳತೆಗೆ ಬರದೆ ಪಕ್ಕದ ದಾರಿಯಲ್ಲಿ ವಾಪಸ್ ಹೋಗುತ್ತದೆ. ಗಾರ್ಡ್ ಹಾಕಿದಾಗ ರೀಡಿಂಗ್ ಜಿಗಿದು ಪಿಐ ಸರಿಹೋದರೆ ತಪ್ಪು ಬುಶಿಂಗ್‌ನದು. ಬದಲಾವಣೆ ಇಲ್ಲದಿದ್ದರೆ ತೊಂದರೆ ಇನ್ನೂ ಒಳಗಿದೆ. ಕಾಯಿಲ್ ತುದಿಗಳ ಮೇಲಿನ ಕೊಳೆಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ತಂತಿ ಸುತ್ತಲು ಜಾಗವಿಲ್ಲ. ಎಂಡ್ ಕವರ್ ತೆಗೆದು ನೋಡಲೇಬೇಕು. ಆ ದೂಳನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಕಂಪ್ರೆಸರ್ ಗಾಳಿ ಹೊಡೆದರೆ ಹೊರಗಿದ್ದದ್ದು ಕಾಯಿಲ್ ಕೂರುವ ಸ್ಲಾಟ್ ಒಳಕ್ಕೆ ಹೋಗಿ ಕೂರುತ್ತದೆ, ಮೇಲಾಗಿ ಆ ಗಾಳಿಯಲ್ಲೇ ನೀರು ಇರುತ್ತದೆ.

ಆರೂ ತುದಿ ಹೊರಗೆ ಬಂದಿರುವ ಮೋಟರ್ ಆದರೆ ಮೂರೂ ಫೇಸ್ ಸೇರುವ ಸ್ಟಾರ್ ಪಾಯಿಂಟ್ ಬಿಚ್ಚಿ ಒಂದೊಂದು ಫೇಸ್ ಬೇರೆ ಬೇರೆ ಅಳೆಯಿರಿ, ಉಳಿದ ಎರಡನ್ನು ಅರ್ತ್ ಮಾಡಿ. ನನ್ನ ಮಟ್ಟಿಗೆ ಇಡೀ ಪತ್ತೆ ಕೆಲಸದಲ್ಲಿ ಇಷ್ಟು ಮಾಹಿತಿ ಕೊಡುವ ಹೆಜ್ಜೆ ಇನ್ನೊಂದಿಲ್ಲ. ಮೂರೂ ಫೇಸ್ ಹೆಚ್ಚು ಕಡಿಮೆ ಒಂದೇ ತರ ಕಡಿಮೆ ಇದ್ದರೆ ತೇವ ಅಥವಾ ಕೊಳೆ, ಯಾಕೆಂದರೆ ಮಳೆಗಾಲ ಮೂರು ಫೇಸ್‌ಗೂ ಒಂದೇ. ಎರಡು ಚೆನ್ನಾಗಿದ್ದು ಒಂದು ಮಾತ್ರ ಕೆಳಗಿದ್ದರೆ ಅಲ್ಲೊಂದು ಗಾಯ ಇದೆ: ಬಿರುಕು, ಸುಟ್ಟು ಕಪ್ಪಾದ ಗುರುತು, ಸ್ಲಾಟ್ ಬಾಯಿಯಲ್ಲಿ ಸವೆದ ಟೇಪ್. ಅದನ್ನು ಒಣಗಿಸಿ ಪ್ರಯೋಜನವಿಲ್ಲ, ರಿವೈಂಡಿಂಗ್‌ನವರಿಗೆ ಕರೆ ಮಾಡಬೇಕು.

ಇನ್ನೂ ಅನುಮಾನ ಉಳಿದರೆ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ನೋಡಿ. 500, 1000, 1500, ಹೀಗೆ, ಪ್ರತಿಯೊಂದಕ್ಕೂ ಒಂದೊಂದು ನಿಮಿಷ. ಒಣಗಿದ, ಗಾಯವಿಲ್ಲದ ಇನ್ಸುಲೇಶನ್‌ನ ಮೆಗಾಓಮ್ ವೋಲ್ಟೇಜ್ ಏರಿದರೂ ಇಳಿಯುವುದಿಲ್ಲ. ಒದ್ದೆಯದು, ಬಿರುಕು ಬಿಟ್ಟದ್ದು ಇಳಿಯುತ್ತದೆ. ಒದ್ದೆ ಇನ್ಸುಲೇಶನ್‌ನ ಈ ಗುಣವನ್ನು ಸಿಡ್ನಿ ಎವರ್ಶೆಡ್ 1913ರಲ್ಲೇ ವಿವರವಾಗಿ ಬರೆದಿದ್ದರು. ಮೆಗ್ಗರ್ ಹುಟ್ಟಿದ್ದು ಅವರ ಕಂಪನಿಯಲ್ಲೇ.

ಬೇರೆ ತರದ ವಿಚಿತ್ರ ರೀಡಿಂಗ್‌ಗಳು

ಚೆನ್ನಾಗಿ ಏರುತ್ತಾ ಇದ್ದದ್ದು ಐದಾರು ನಿಮಿಷದ ಹೊತ್ತಿಗೆ ದಿಢೀರ್ ಕುಸಿದರೆ ತಕ್ಷಣ ನಿಲ್ಲಿಸಿ. ಎಲ್ಲೋ ದುರ್ಬಲ ಜಾಗ ಒಡೆಯುತ್ತಿದೆ. ಇನ್ನೊಮ್ಮೆ ನೋಡೋಣ ಅಂತ ಅದೇ ವೋಲ್ಟೇಜ್ ಕೊಟ್ಟರೆ ಆ ಜಾಗವನ್ನು ನೀವೇ ಪೂರ್ತಿ ಸುಟ್ಟ ಹಾಗೆ.

1 ನಿಮಿಷಕ್ಕೇ 20,000 ಮೆಗಾಓಮ್ ಬಂದಿದೆ, ಆದರೆ ಪಿಐ 1.3 ಮಾತ್ರ? ಗಾಬರಿ ಬೇಡ. 1 ನಿಮಿಷದ ರೀಡಿಂಗ್ 5000 ಮೆಗಾಓಮ್ ದಾಟಿದರೆ ಪಿಐಗೆ ಅಷ್ಟು ಬೆಲೆ ಕೊಡಬೇಡಿ ಅಂತ ಐಇಇಇ 43 ಕೂಡ ಹೇಳುತ್ತದೆ. ಹೊಸ ಎಪಾಕ್ಸಿ–ಮೈಕಾ ಇನ್ಸುಲೇಶನ್‌ನಲ್ಲಿ ಕರೆಂಟ್ ನ್ಯಾನೋ ಆಂಪ್ ಲೆಕ್ಕಕ್ಕೆ ಇಳಿದಿರುತ್ತದೆ, ಅಲ್ಲಿ ಮೀಟರ್‌ನ ಗದ್ದಲವೂ ಗಾಳಿಯ ತೇವವೂ ಸೇರಿ ಅನುಪಾತ ಕೆಡಿಸುತ್ತವೆ. ಇಂಥ ಮೋಟರನ್ನು ಪಿಐ ಕಡಿಮೆ ಅಂತ ಒಣಗಿಸಲು ಹೊರಡುವುದು ಸುಮ್ನೆ ಕರೆಂಟ್ ದಂಡ.

ಇದಕ್ಕೆ ತದ್ವಿರುದ್ಧ, ಶೆಲ್ಯಾಕ್ ಮೈಕಾ ಅಥವಾ ವಾರ್ನಿಶ್ ಬಟ್ಟೆ ಸುತ್ತಿದ ಹಳೇ ಯಂತ್ರದಲ್ಲಿ ಪಿಐ 8 ದಾಟಿತು ಅಂದರೆ ಖುಷಿ ಪಡಬೇಡಿ. ಅತಿಯಾಗಿ ಒಣಗಿ ಪುಡಿಪುಡಿಯಾಗುವ ಸ್ಥಿತಿಗೆ ಬಂದಿರಬಹುದು. ಮುಟ್ಟಿ, ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ಟೇಪ್ ಉದುರಿದರೆ, ಸ್ಟಾರ್ಟ್ ಮಾಡುವಾಗಿನ ಜಗ್ಗಾಟವನ್ನು ಅದು ತಡೆಯುವುದು ಕಷ್ಟ.

415 ವೋಲ್ಟ್‌ನ ಮೋಟರ್‌ಗಳಲ್ಲಿ ಅಬ್ಸಾರ್ಪ್ಶನ್ ಎರಡು ಮೂರು ನಿಮಿಷದಲ್ಲೇ ಮುಗಿದುಹೋಗುತ್ತದೆ. ಅವುಗಳಿಗೆ 10 ನಿಮಿಷ ನಿಲ್ಲುವುದರಲ್ಲಿ ಅರ್ಥ ಕಡಿಮೆ. 60 ಸೆಕೆಂಡ್ ಮತ್ತು 30 ಸೆಕೆಂಡ್‌ನ ಅನುಪಾತ ನೋಡಿಕೊಂಡು, 40 ಡಿಗ್ರಿಯಲ್ಲಿ 5 ಮೆಗಾಓಮ್‌ಗಿಂತ ಮೇಲಿದೆಯೇ ಅಂತ ಖಾತ್ರಿ ಮಾಡಿಕೊಂಡರೆ ಸಾಕು. ಇನ್ನು ಬೋರ್‌ವೆಲ್‌ನ ನೀರು ತುಂಬಿದ ಸಬ್ಮರ್ಸಿಬಲ್ ಮೋಟರ್‌ಗೆ ಪಿಐ ತೆಗೆದು ಹೋಲಿಸುವವರಿದ್ದಾರೆ. ಅದರ ವೈಂಡಿಂಗ್ ಪ್ಲಾಸ್ಟಿಕ್ ಹೊದಿಕೆಯ ತಂತಿ, ಅದು ನೀರಿನಲ್ಲೇ ಇರಬೇಕಾದದ್ದು. ಈ ಲೆಕ್ಕವೇ ಅದಕ್ಕೆ ಬೇರೆ.

ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು

ಮೆಗಾಓಮ್ ಬರೆದು ಪಕ್ಕದಲ್ಲಿ ವೈಂಡಿಂಗ್‌ನ ಉಷ್ಣತೆ ಬರೆಯದಿದ್ದರೆ ಆ ಅಂಕಿ ಯಾವ ಹೋಲಿಕೆಗೂ ಬಾರದು. ಅಂದಾಜಿನ ನಿಯಮ ಹೀಗೆ: 10 ಡಿಗ್ರಿ ಏರಿದರೆ ರೆಸಿಸ್ಟೆನ್ಸ್ ಅರ್ಧ. 20 ಡಿಗ್ರಿಯಲ್ಲಿ 400 ಮೆಗಾಓಮ್ ಇದ್ದದ್ದು 40ಕ್ಕೆ ತಂದರೆ 100 ಮಾತ್ರ. ಪಿಐಗೆ ಈ ರಗಳೆ ಕಡಿಮೆ, ಯಾಕೆಂದರೆ ಎರಡೂ ರೀಡಿಂಗ್ ಒಂದೇ ಉಷ್ಣತೆಯಲ್ಲಿ ಬಂದವು, ಅನುಪಾತದಲ್ಲಿ ಹೊಡೆದು ಹೋಗುತ್ತದೆ. ಆದರೆ ಈಗಷ್ಟೇ ನಿಂತ ಬಿಸಿ ಮೋಟರ್‌ನಲ್ಲಿ 10 ನಿಮಿಷದೊಳಗೆ ಉಷ್ಣತೆ ಇಳಿಯುತ್ತದೆ, ಅದರಿಂದಲೇ ರೀಡಿಂಗ್ ಏರುತ್ತದೆ, ಪೋಲರೈಸೇಶನ್ ಅಂದುಕೊಂಡು ಮೋಸಹೋಗುತ್ತೀರಿ.

ಇನ್ನೊಂದು, ಇಬ್ಬನಿ. ಬೆಳಗಿನ ಜಾವ ಕಬ್ಬಿಣದ ಫ್ರೇಮ್ ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತದೆ, ವೈಂಡಿಂಗ್ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ. ಅದೇ ಮೋಟರ್ ಮಧ್ಯಾಹ್ನ ಮೂರಕ್ಕೆ ಚೆನ್ನಾಗಿ ಬರುತ್ತದೆ. ವೈಂಡಿಂಗ್ ಡ್ಯೂ ಪಾಯಿಂಟ್‌ಗಿಂತ (ಗಾಳಿಯ ತೇವ ಇಬ್ಬನಿಯಾಗುವ ಉಷ್ಣತೆಗಿಂತ) ಬೆಚ್ಚಗಿದ್ದಾಗ ಮಾತ್ರ ಅಳೆಯಿರಿ. ಹಾಗಂತ ಮಧ್ಯಾಹ್ನದ ಒಳ್ಳೆಯ ರೀಡಿಂಗ್ ತೋರಿಸಿ ಮರುದಿನ ಬೆಳಗಿನ ಜಾವ ಸ್ಟಾರ್ಟ್ ಮಾಡುವುದು ಜಾಣತನ ಅಲ್ಲ. ಸ್ಟಾರ್ಟ್ ಮಾಡುವವರೆಗೂ ವೈಂಡಿಂಗ್ ಬೆಚ್ಚಗೇ ಇರಬೇಕು.

ಒಣಗಿಸುವಾಗ ರೀಡಿಂಗ್ ಇಳಿಯುತ್ತದೆ, ನಿಲ್ಲಿಸಬೇಡಿ

ತೇವ ಅಂತ ಖಾತ್ರಿಯಾಯಿತು. ಒಳಗಿನ ಸ್ಪೇಸ್ ಹೀಟರ್, ಹೊರಗಿನಿಂದ ಬಿಸಿಗಾಳಿ, ಇಲ್ಲವೇ ವೈಂಡಿಂಗ್‌ನಲ್ಲೇ ಕಡಿಮೆ ವೋಲ್ಟೇಜ್‌ನ ಕರೆಂಟ್ ಹರಿಸುವುದು, ಯಾವುದಾದರೂ ಸರಿ. ನಿಧಾನವೇ ಮುಖ್ಯ. ಗಂಟೆಗೆ ನಾಲ್ಕೈದು ಡಿಗ್ರಿಗಿಂತ ಬೇಗ ಏರಿಸಬೇಡಿ, ವೈಂಡಿಂಗ್ 80 ಡಿಗ್ರಿ ಆಸುಪಾಸಿನಲ್ಲಿ ನಿಲ್ಲಲಿ. ಒಮ್ಮೆಲೇ ಬಿಸಿ ಮಾಡಿದರೆ ಟೇಪ್ ಒಳಗಿನ ನೀರು ಆವಿಯಾಗಿ ಪದರಗಳನ್ನೇ ಬಿಡಿಸುತ್ತದೆ. ಆಮೇಲೆ ಮೋಟರ್ ಒಣಗಿರುತ್ತದೆ ನಿಜ, ಆದರೆ ಒಳಗೆ ಪೊಳ್ಳಾಗಿರುತ್ತದೆ. ಟಾರ್ಪಾಲಿನ್ ಮುಚ್ಚುವವರು ಮೇಲೆ ಒಂದು ಕಿಂಡಿ ಬಿಡಿ. ಆವಿ ಹೊರಗೆ ಹೋಗದಿದ್ದರೆ ರಾತ್ರಿ ಅದೇ ನೀರು ವಾಪಸ್ ಇಳಿಯುತ್ತದೆ.

ಗಂಟೆಗೊಮ್ಮೆ 1 ನಿಮಿಷದ ರೀಡಿಂಗ್ ಮತ್ತು ಉಷ್ಣತೆ ಬರೆಯುತ್ತಾ ಹೋಗಿ. ಮೊದಲ ಕೆಲವು ಗಂಟೆ ಮೆಗಾಓಮ್ ಇಳಿಯುತ್ತದೆ. ಇಲ್ಲೇ ಜನ ಹೆದರಿ ಹೀಟರ್ ತೆಗೆಯುವುದು. ಉಷ್ಣತೆ ಏರಿದ್ದಕ್ಕೆ ಇಳಿಯಬೇಕು, ಒಳಗಿನ ನೀರು ಸಡಿಲವಾಗಿ ಎಲ್ಲ ಕಡೆ ಹರಡಿದ್ದಕ್ಕೂ ಇಳಿಯಬೇಕು. 556 ಇದ್ದದ್ದು 40, 50ಕ್ಕೆ ಬಂದರೂ ಅದು ಹಾಳಾದ ಲಕ್ಷಣ ಅಲ್ಲ. ಆಮೇಲೆ ಒಂದಷ್ಟು ಹೊತ್ತು ಸಪಾಟಾಗಿ ನಿಲ್ಲುತ್ತದೆ, ನೀರು ಹೊರಗೆ ಹೋಗುತ್ತಿದೆ ಅಂತ ಅರ್ಥ. ಕೊನೆಗೆ ಉಷ್ಣತೆ ಬದಲಾಗದಿದ್ದರೂ ರೀಡಿಂಗ್ ತಾನಾಗಿ ಏರಲು ಶುರುವಾಗುತ್ತದೆ, ಪಿಐ ಕೂಡ ಜೊತೆಗೇ ಏರುತ್ತದೆ. ಎರಡೂ ಏರಿ ಒಂದು ಕಡೆ ನೆಲೆ ನಿಂತಾಗ ಹೀಟರ್ ಆರಿಸಿ, ತಣಿದ ಮೇಲೆ ಇನ್ನೊಮ್ಮೆ ಪೂರ್ತಿ 10 ನಿಮಿಷದ ಟೆಸ್ಟ್ ಮಾಡಿ. ದಿನಗಟ್ಟಲೆ ಒಣಗಿಸಿದರೂ ಸಪಾಟು ಬಿಟ್ಟು ಮೇಲೇಳದಿದ್ದರೆ ತೇವದ ಜೊತೆ ಬೇರೇನೋ ಇದೆ, ಎಣ್ಣೆ ಕುಡಿದ ಇನ್ಸುಲೇಶನ್ ಇರಬಹುದು, ಇಂಗಾಲದ ಜಾಡು ಇರಬಹುದು. ಒಂದೊಂದು ಫೇಸ್ ಬೇರೆ ಮಾಡಿ ನೋಡುವ ಹೆಜ್ಜೆಗೆ ವಾಪಸ್ ಹೋಗಿ.

ಪಿಐ 4 ಬಂತು ಅಂದಮಾತ್ರಕ್ಕೆ ಮೋಟರ್ ಪೂರ್ತಿ ಆರೋಗ್ಯ ಅಂತಲ್ಲ. ಈ ಟೆಸ್ಟ್ ನೋಡುವುದು ವೈಂಡಿಂಗ್‌ಗೂ ಭೂಮಿಗೂ ನಡುವಿನ ಗೋಡೆಯನ್ನು ಮಾತ್ರ. ಒಂದೇ ಕಾಯಿಲ್‌ನ ಸುತ್ತುಗಳ ನಡುವೆ ಶಾರ್ಟ್ ಇದ್ದರೆ ಮೆಗ್ಗರ್‌ಗೆ ಅದು ಗೊತ್ತೇ ಆಗುವುದಿಲ್ಲ, ಅದಕ್ಕೆ ಸರ್ಜ್ ಟೆಸ್ಟ್ ಬೇಕು. ಒಣಗಿದ ಪೊಳ್ಳುಗಳನ್ನು ಹಿಡಿಯಲು ಟ್ಯಾನ್ ಡೆಲ್ಟಾ, ಪಾರ್ಶಿಯಲ್ ಡಿಸ್ಚಾರ್ಜ್ ಅನ್ನುವ ಬೇರೆ ಟೆಸ್ಟ್‌ಗಳು ಬೇಕು. ಹಳೇ 11 ಕೆವಿ ಯಂತ್ರಕ್ಕೆ ಇವನ್ನು ಮಾಡಿಸದೆ ಪಿಐ ಒಂದನ್ನೇ ನಂಬಿ ಕೂರಬೇಡಿ.

ಕೊನೆಗೆ ತೇವ ಎಲ್ಲಿಂದ ಬಂತು ಅಂತ ಹುಡುಕಿ. ಮೋಟರ್ ತಯಾರಿಸಿದವರು ಒಳಗೆ ಸ್ಪೇಸ್ ಹೀಟರ್ ಇಟ್ಟೇ ಇರುತ್ತಾರೆ, ನಿಂತ ಮೋಟರನ್ನು ಬೆಚ್ಚಗಿಡಲೆಂದೇ ಅದು ಇರುವುದು. ಆದರೆ ಅದರ ಸಪ್ಲೈ ಅದೇ ಮಿಲ್‌ನ ಎಂಸಿಸಿ (ಮೋಟರ್ ಕಂಟ್ರೋಲ್ ಸೆಂಟರ್) ಪ್ಯಾನಲ್‌ನಿಂದ ತೆಗೆದಿರುತ್ತಾರೆ. ಸೀಸನ್ ಮುಗಿದ ದಿನ ಮೇನ್ ಬ್ರೇಕರ್ ಇಳಿಸಿದಾಗ ಮೋಟರ್ ಜೊತೆ ಹೀಟರೂ ಸತ್ತಿರುತ್ತದೆ, ಜೂನ್‌ನಿಂದ ಯಾರೂ ನೋಡಿರುವುದಿಲ್ಲ. ಹೀಟರ್‌ಗೆ ಲೈಟಿಂಗ್ ಡಿಬಿಯಿಂದ (ಡಿಸ್ಟ್ರಿಬ್ಯೂಶನ್ ಬೋರ್ಡ್‌ನಿಂದ) ಒಂದು ಬೇರೆ ಫೀಡರ್ ಎಳೆಯಿರಿ, ಟರ್ಮಿನಲ್ ಬಾಕ್ಸ್ ಹೊರಗೆ ಒಂದು ಇಂಡಿಕೇಟರ್ ಲ್ಯಾಂಪ್ ಕೂರಿಸಿ. ಟರ್ಮಿನಲ್ ಬಾಕ್ಸ್ ಮೇಲೆ "ಒಳಗೆ ಹೀಟರ್ ಸಪ್ಲೈ ಇದೆ" ಅಂತ ದಪ್ಪಕ್ಷರದಲ್ಲಿ ಬರೆಸುವುದನ್ನು ಮರೆಯಬೇಡಿ. ಮುಂದಿನ ಸೀಸನ್‌ನಲ್ಲಿ ಮೆಗ್ಗರ್ ಹಿಡಿದು ಬರುವವರು ಮೇನ್ ಆಫ್ ಇದೆ ಅಂತ ನಂಬಿಕೊಂಡು ಕೈ ಹಾಕುತ್ತಾರೆ.